ಅರ್ಧ ಸೆಕೆಂಡಿನ ದೂರ

ಟ್ರಿಗರ್ ಒತ್ತಿದವನು ನಾನಲ್ಲ. ನಾನು ಹೇಳಿದ್ದು ಒಂದು ಸಂಖ್ಯೆ ಮಾತ್ರ: 420.

ಪಿಎಚ್.ಡಿ.ಗಾಗಿ ಅಮೆರಿಕದ ವ್ಯೋಮಿಂಗ್ ರಾಜ್ಯಕ್ಕೆ ಬಂದು ನನಗೆ ಇದು ಮೂರನೆಯ ಚಳಿಗಾಲ. ಸಹಪಾಠಿಯೊಬ್ಬನ ಸೋದರಮಾವ ಕುರಿ ಸಾಕುತ್ತಾರೆ. ಮರಿಗಳನ್ನು ಕಯೋಟಿಗಳು ಎತ್ತಿಕೊಂಡು ಹೋಗುತ್ತವೆ. ಕಯೋಟಿ ನಮ್ಮ ಗುಳ್ಳೆನರಿಯ ಹತ್ತಿರದ ನೆಂಟ, ತೋಳಕ್ಕಿಂತ ಚಿಕ್ಕದು, ಹೆಚ್ಚೆಂದರೆ ಹದಿನೈದು ಇಪ್ಪತ್ತು ಕಿಲೋ. ಈ ರಾಜ್ಯದ ಕಾನೂನಿನಲ್ಲಿ ಅದು ಪರಭಕ್ಷಕ ಎಂಬ ಪಟ್ಟಿಗೆ ಸೇರಿದೆ. ವರ್ಷವಿಡೀ ಕೊಲ್ಲಬಹುದು, ಲೆಕ್ಕ ಕೇಳುವವರಿಲ್ಲ.

ಬೇಟೆಗೆ ಒಂದು ತಿಂಗಳ ಮೊದಲು ಅವನ ಜೊತೆ ಬಂದೂಕಿನ ಅಂಗಡಿಗೆ ಹೋಗಿದ್ದೆ. ಮಲೆನಾಡಿನ ನಮಗೆ ಕೋವಿ ಎಂದರೆ ತೋಟ ಕಾಯುವ ವಸ್ತು, ಮೂವತ್ತು ನಲವತ್ತು ಗಜದ ಮಾತು. ಇಲ್ಲಿನ ಮಾತೇ ಬೇರೆ. .223 ರೆಮಿಂಗ್ಟನ್ ಅಗ್ಗ, ತೋಟಾ ಎಲ್ಲೆಡೆ ಸಿಗುತ್ತದೆ, ಮಾರುವ ಚರ್ಮವೂ ಹೆಚ್ಚು ಹರಿಯದು. ಆದರೆ ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಬೀಸಿದರೆ ಅದರ ಹಗುರ ಗುಂಡು 400 ಗಜದಲ್ಲಿ ಒಂದಡಿಗಿಂತ ಹೆಚ್ಚು ಸರಿದುಬಿಡುತ್ತದೆ. ವ್ಯೋಮಿಂಗಿನಲ್ಲಿ ಆ ಗಾಳಿಯನ್ನು ಗಾಳಿ ಎಂದೇ ಯಾರೂ ಲೆಕ್ಕಕ್ಕಿಡುವುದಿಲ್ಲ. .22-250ಗೆ ವೇಗ ಹೆಚ್ಚು, ಆದರೆ ನಳಿಗೆ ಬೇಗ ಸವೆಯುತ್ತದೆ. ಕೊನೆಗೆ ಅವನು ಕೊಂಡದ್ದು 6 ಎಂಎಂ ಕ್ರೀಡ್‌ಮೂರ್. ಉದ್ದನೆಯ ಮೊನಚು ಗುಂಡು, ಗಾಳಿಗೆ ಅಷ್ಟಾಗಿ ಬಗ್ಗುವುದಿಲ್ಲ. ಅದರ ಜೊತೆಗೆ ದೂರಕ್ಕೆ ತಕ್ಕಂತೆ ತಿರುಗಿಸುವ ಸ್ಕೋಪು, ಮುಕ್ಕಾಲಿ, ಗಾಳಿಮಾಪಕ, ಲೇಸರಿನಿಂದ ದೂರ ಅಳೆಯುವ ಯಂತ್ರ, ಸಾಯುತ್ತಿರುವ ಮೊಲದ ಹಾಗೆ ಕೂಗುವ ಸ್ಪೀಕರು. ಬಿಲ್ಲು ನೋಡಿ ನನ್ನ ಮೂರು ತಿಂಗಳ ಬಾಡಿಗೆ ನೆನಪಾಯಿತು.

‘ಇಷ್ಟೆಲ್ಲ ಯಾಕೆ?’ ಎಂದಾಗ ಅವನು ಹೇಳಿದ: ‘ಗುರಿ ತಪ್ಪದಿದ್ದರೆ ಅದು ನರಳುವುದಿಲ್ಲ.’ ನನಗೆ ಒಪ್ಪಿಗೆಯಾಯಿತು. ಕೊಲ್ಲುವುದೇ ಆದರೆ ಒಳ್ಳೆಯ ಸಲಕರಣೆಯಿಂದ ಕೊಲ್ಲುವುದು ಒಂದು ಬಗೆಯ ದಯೆ. ಈಗಲೂ ಆ ಮಾತು ಸುಳ್ಳೆಂದು ನನಗೆ ಅನ್ನಿಸುವುದಿಲ್ಲ. ಅದರಲ್ಲಿ ಏನೋ ಒಂದು ಬಿಟ್ಟುಹೋಗಿದೆ, ಅಷ್ಟೇ.

ಆ ದಿನ ಮೊಲದ ಕೂಗಿಗೆ ಒಂದು ಕಯೋಟಿ ಬಂತು. ಕಯೋಟಿ ನೆಟ್ಟಗೆ ಬರುವ ಪ್ರಾಣಿಯಲ್ಲ. ಸುತ್ತುಹಾಕಿ, ಗಾಳಿ ಬೀಸಿ ಹೋಗುವ ಕಡೆಗೆ ಇಳಿದು, ಮೂಸಿ ನೋಡಿ, ಆಮೇಲೆ ತೀರ್ಮಾನಿಸುತ್ತದೆ. ಅದು ಬದುಕುಳಿಯುವ ಉಪಾಯವೇ ಅದು. ಹಳೆಯ ಬಂದೂಕಾಗಿದ್ದರೆ ನಾವು ಕಾಯಬೇಕಿತ್ತು. ನಮ್ಮ ವಾಸನೆ ಹಿಡಿದು ಓಡಿದ್ದರೂ ಓಡುತ್ತಿತ್ತು. ಈಗ ಕಾಯಬೇಕಾಗಿರಲಿಲ್ಲ. ಅದು ನಿಂತಿತು. ನಾನು 420 ಎಂದೆ. ಅವನು ಸ್ಕೋಪು ತಿರುಗಿಸಿ ಉಸಿರು ಬಿಟ್ಟು ಈಡು ಹೊಡೆದ.

ಆ ದೂರ ಕ್ರಮಿಸಲು ಗುಂಡಿಗೆ ಸುಮಾರು ಅರ್ಧ ಸೆಕೆಂಡು ಬೇಕು. ಶಬ್ದ ಅದಕ್ಕಿಂತ ನಿಧಾನ, ಆದ್ದರಿಂದ ಸದ್ದು ಕೇಳಿ ಅದು ಹೆದರಿತೆನ್ನುವಂತಿಲ್ಲ. ಸುಮ್ಮನೆ ಒಂದು ಹೆಜ್ಜೆ ಮುಂದಿಟ್ಟಿತು. ಭುಜದ ಹಿಂದಕ್ಕೆ ಹಿಡಿದ ಗುರಿ ತೊಡೆಗೆ ತಗುಲಿತು. ರಕ್ತದ ಜಾಡು ಹಿಡಿದು ಕತ್ತಲಾಗುವವರೆಗೆ ಸೇಜ್ ಪೊದೆಗಳ ನಡುವೆ ಹುಡುಕಿದೆವು. ಸಿಗಲಿಲ್ಲ.

ಅದು ಹೆಜ್ಜೆ ಇಡದಿದ್ದರೆ ಎಲ್ಲರೂ ಅವನ ಬೆನ್ನು ತಟ್ಟುತ್ತಿದ್ದೆವು. ಅವನ ಕೈ, ಕಣ್ಣು, ಮನಸ್ಸು ಎರಡೂ ಸಲ ಒಂದೇ. 1976ರಲ್ಲಿ ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ‘ನೈತಿಕ ಅದೃಷ್ಟ’ ಎಂದು ಕರೆದು ಚರ್ಚಿಸಿದ್ದು ಇಂಥದ್ದನ್ನೇ: ನಮ್ಮ ಕೈಯಲ್ಲಿಲ್ಲದ ಸಂಗತಿಗೆ ನಮ್ಮನ್ನು ಎಷ್ಟು ಹೊಣೆ ಮಾಡಬಹುದು? ಒಂದೇ ಅಜಾಗರೂಕತೆಯಿಂದ ಗಾಡಿ ಓಡಿಸಿದ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಮಗು ಅಡ್ಡ ಬಂದರೆ, ನಾವು ದೂರುವುದು ಅವನನ್ನೇ. ಇಷ್ಟು ದಿನ ಇದು ತರಗತಿಯ ಉದಾಹರಣೆಯಾಗಿತ್ತು. ಈಗ ಬೇರೆ ಥರ ಕಾಣುತ್ತಿದೆ. ಗಾಡಿ ಓಡಿಸುವವನಿಗೆ ಆ ಅದೃಷ್ಟ ತಾನಾಗಿ ಎದುರಾಗುತ್ತದೆ. ನಾವು ಆ ಅರ್ಧ ಸೆಕೆಂಡನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದಿದ್ದೆವು. ಸ್ಕೋಪು ದೂರವನ್ನು ಕಣ್ಣಿಗೆ ಹತ್ತಿರ ಮಾಡುತ್ತದೆ, ಕಾಲವನ್ನು ಹತ್ತಿರ ಮಾಡುವ ಯಂತ್ರ ಆ ಅಂಗಡಿಯಲ್ಲಿರಲಿಲ್ಲ. ಅದೃಷ್ಟ ಕೆಟ್ಟರೆ ನನಗೆ ಒಂದು ಕೆಟ್ಟ ರಾತ್ರಿ, ಅದಕ್ಕೆ ಮುರಿದ ಕಾಲು.

ದಶರಥನ ಶಬ್ದವೇಧಿ ನೆನಪಾಯಿತು. ಅವನ ವಿದ್ಯೆಯಲ್ಲಿ ದೋಷವಿರಲಿಲ್ಲ, ಬಾಣ ಸದ್ದು ಬಂದಲ್ಲಿಗೇ ಹೋಗಿತ್ತು. ಆದರೆ ಅವನಿಗೆ ಶಪಿಸಲು ಒಬ್ಬ ಕುರುಡು ತಂದೆ ಇದ್ದ.

ಸ್ಪೇನಿನ ಚಿಂತಕ ಒರ್ಟೆಗಾ ಇ ಗ್ಯಾಸೆಟ್ ಬೇಟೆಯನ್ನು ಸಮರ್ಥಿಸಿ ಬರೆದವನು. ಆದರೂ ಬೇಟೆಗಾರ ತನ್ನ ಮೇಲುಗೈಯನ್ನು ತಾನೇ ಸ್ವಲ್ಪ ಬಿಟ್ಟುಕೊಡಬೇಕು, ಇಲ್ಲದಿದ್ದರೆ ಅದು ಬೇಟೆಯಲ್ಲ, ಬರೀ ನಾಶ ಎನ್ನುತ್ತಾನೆ. ಥಿಯೊಡೋರ್ ರೂಸ್‌ವೆಲ್ಟ್ ಮತ್ತು ಗೆಳೆಯರು 1887ರಲ್ಲಿ ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಕೂಡ, ಎಷ್ಟು ದೂರ ಹೊಡೆಯಬಲ್ಲೆ ಎಂದು ಜೀವದ ಮೇಲೆ ಪರೀಕ್ಷಿಸುವುದನ್ನು ಬೇಟೆ ಎಂದು ಒಪ್ಪುವುದಿಲ್ಲ. ಆದರೆ ಆ ಕ್ಲಬ್ಬಿನ ಕಾಳಜಿ ದೊಡ್ಡ ಪ್ರಾಣಿಗಳ ಸುತ್ತಲಿನದು. ಕಯೋಟಿಗೆ ಆ ಮರ್ಯಾದೆ ಸಿಗುವುದು ಕಷ್ಟ.

ಕುರಿ ಕಳೆದುಕೊಂಡ ಮಾವನಿಗೆ ಈ ತರ್ಕ ಹೇಳಲು ನನಗೆ ನಾಲಿಗೆ ಬರುವುದಿಲ್ಲ. ಅವರ ಬಳಿ ಇರುವುದು ಹಳೆಯ .243. ಎರಡು ನೂರು ಗಜದ ಆಚೆ ಅವರು ಹೊಡೆಯುವುದಿಲ್ಲವಂತೆ. ಸಂಜೆ ಕಾಫಿ ಕೊಡುತ್ತಾ ಅವರು ಕೇಳಿದ್ದು ಒಂದೇ ಮಾತು: ‘ಇನ್ನಷ್ಟು ಹತ್ತಿರ ಬರುವವರೆಗೆ ಕಾಯಬಾರದಿತ್ತೇ?’ ಗೆಳೆಯ ಗಾಳಿಯ ಲೆಕ್ಕ ಹೇಳತೊಡಗಿದ. ನಾನು ಸುಮ್ಮನಿದ್ದೆ. ದೂರ ಅಳೆಯುವ ಯಂತ್ರ ಇನ್ನೂ ನನ್ನ ಕೋಟಿನ ಜೇಬಿನಲ್ಲಿತ್ತು.

ಮುಂದಿನ ವಾರ ಅವನು ಇನ್ನೂ ಹೆಚ್ಚು ಶಕ್ತಿಯ ಸ್ಕೋಪು ನೋಡಲು ಹೋಗುತ್ತಾನಂತೆ, ನನ್ನನ್ನೂ ಕರೆದಿದ್ದಾನೆ. ಹೋಗುತ್ತೇನೆ. ಕಾರಿನಲ್ಲಿ ಕೂತಾಗಲೇ ಕೇಳಬೇಕೆಂದಿದ್ದೇನೆ: ನಾನು ಎಷ್ಟು ಗಜ ಎಂದರೆ ನೀನು ಬಂದೂಕು ಕೆಳಗಿಡುತ್ತೀಯ?