ಇದ್ದೇನೆ, ಇದ್ದೆ

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಹಳ್ಳಿಗಳಿಂದ ಕಾಲೇಜಿಗೆ ಬರುವ ಹುಡುಗರು ಇಂಗ್ಲಿಷಿನ ಭೂತಕಾಲದಲ್ಲಿ ಒಂದು ತಪ್ಪನ್ನು ತಪ್ಪದೆ ಮಾಡುತ್ತಾರೆ. ‘ನಮ್ಮ ಮುತ್ತಜ್ಜ 1932ರಲ್ಲಿ ಜೈಲಿಗೆ ಹೋಗಿದ್ದಾರೆ’ ಎಂಬುದನ್ನು ‘ಹ್ಯಾಸ್ ಗಾನ್’ ಎಂದು ಬರೆಯುತ್ತಾರೆ. ಇಂಗ್ಲಿಷ್ ಅಧ್ಯಾಪಕರು ಅದನ್ನು ಕೆಂಪು ಶಾಯಿಯಲ್ಲಿ ಹೊಡೆದು ‘ವೆಂಟ್’ ಎಂದು ತಿದ್ದುತ್ತಾರೆ. ತಿದ್ದಿದ್ದು ಸರಿಯೇ. ಇಸವಿಯನ್ನು ಹೇಳಿದ ಮೇಲೆ ಇಂಗ್ಲಿಷಿನಲ್ಲಿ ‘ಹ್ಯಾಸ್’ಗೆ ಎಡೆಯಿಲ್ಲ, ಆ ಕ್ರಿಯೆ ಆ ಇಸವಿಯೊಳಗೇ ಮುಗಿಯಿತೆಂದು ಆ ಭಾಷೆಯ ಕಟ್ಟಳೆ.

ಆದರೆ ಹುಡುಗನ ತಪ್ಪಿನ ಬೇರು ಕನ್ನಡದಲ್ಲಿದೆ. ‘ಮಾಡಿದ್ದೇನೆ’ ಎಂಬುದನ್ನು ಬಿಡಿಸಿದರೆ ‘ಮಾಡಿ ಇದ್ದೇನೆ’. ಕೆಲಸ ಮುಗಿಯಿತು, ಮಾಡಿದವನು ಇದ್ದಾನೆ. ಮಾಡಿದವನು ಹೋದರೂ ಅವನ ಕೆಲಸದ ಬಲ ಉಳಿದಿದ್ದರೆ ನಾವು ಹೀಗೆಯೇ ಹೇಳುತ್ತೇವೆ. ಭೂತಕಾಲಕ್ಕೆ ‘ದ’ ಎಂಬುದು ಬರುವುದೆಂದು 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಹೇಳಿದ್ದಾನೆ. ಅವನು ಹೋಗಿ ಶತಮಾನಗಳೇ ಕಳೆದಿದ್ದರೂ ‘ಹೇಳಿದ್ದಾನೆ’ ಎನ್ನಲು ನಮಗೆ ಸಂಕೋಚವಿಲ್ಲ.

ಇನ್ನು ‘ಮಾಡಿದ್ದೆ’ ಎಂಬುದನ್ನು ನೋಡಿರಿ. ‘ಮಾಡಿ ಇದ್ದೆ’, ಅಂದು ಇದ್ದೆ, ಇಂದಿನದನ್ನು ಕೇಳಬೇಡಿ. ‘ಮಾತು ಕೊಟ್ಟಿದ್ದೇನೆ’ ಎಂಬವನು ಸಾಲಗಾರನಾಗಿ ನಮ್ಮೆದುರು ನಿಂತಿರುತ್ತಾನೆ. ‘ಮಾತು ಕೊಟ್ಟಿದ್ದೆ’ ಎಂದು ಆರಂಭಿಸಿದವನು ಮುಂದೆ ‘ಆದರೆ’ ಎನ್ನುವನೆಂದು ಕೇಳುವವನಿಗೆ ಆಗಲೇ ತಿಳಿಯುತ್ತದೆ. ನಡುವೆ ಇರುವುದು ಒಂದು ಅಕ್ಷರದ ಅಂತರ. ಆ ಅಂತರದಲ್ಲಿ ಮನುಷ್ಯನು ತನ್ನ ಹೊಣೆಯಿಂದ ಜಾರಿಹೋಗಬಹುದು.

ಹಾಗೆ ಜಾರದೆ ನಿಂತವರ ಕಥೆ ಈ ಸೀಮೆಯಲ್ಲಿಯೇ ಇದೆ. ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ. 1932ರಲ್ಲಿ ಸಿದ್ದಾಪುರ, ಅಂಕೋಲಾ ತಾಲೂಕುಗಳ ರೈತರು ಕಂದಾಯ ಕೊಡುವುದಿಲ್ಲವೆಂದು ನಿಂತರು. ಸರಕಾರ ಅವರ ಆಸ್ತಿಯನ್ನು ಜಪ್ತಿ ಮಾಡಿ ಹರಾಜಿಗೆ ಹಾಕಿತು. ಜೋಗದ ದಾರಿಯ ಮಾವಿನಗುಂಡಿಯಲ್ಲಿ ಹೆಂಗಸರು, ಜಪ್ತಿಯಾದ ಆಸ್ತಿಯನ್ನು ಕೊಂಡವರ ಮನೆಯೆದುರು ಉಪವಾಸ ಕುಳಿತರು. ‘ಮಾತು ಕೊಟ್ಟಿದ್ದೆವು, ಆದರೆ ತೋಟವೇ ಹೋಗುವ ಹಾಗಾಯಿತು’ ಎಂದು ಯಾರಾದರೂ ಹೇಳಿದ್ದರೆ ಅವರನ್ನು ದೂರುವುದು ಕಷ್ಟವಾಗುತ್ತಿತ್ತು. ಹಾಗೆನ್ನದೆ ಉಳಿದವರಿಂದಲೇ ಆ ಚಳವಳಿ ಉಳಿಯಿತು.

ನಮ್ಮ ದಿನದ ಮಾತಿನಲ್ಲಿ ನಡೆಯುವುದು ಇದಕ್ಕೆ ತಲೆಕೆಳಗು. ನಾವು ಕೊಟ್ಟ ಮಾತಿಗೆ ‘ಇದ್ದೆ’. ಪರರು ನಮಗೆ ಮಾಡಿದ ಕೇಡಿಗೆ ‘ಇದ್ದಾನೆ’. ಅಡಿಕೆ ತೋಟದ ಅಂಚಿಗೋ ಸೊಪ್ಪಿನ ಬೆಟ್ಟದ ಗಡಿಗೋ ಎರಡು ಮನೆಗಳಿಗೆ ವ್ಯಾಜ್ಯ ಹುಟ್ಟಿತೆನ್ನಿ. ‘ಅವನ ಅಜ್ಜ ಬೇಲಿ ಸರಿಸಿದ್ದಾನೆ’ ಎಂಬ ಮಾತು ಮೊಮ್ಮಕ್ಕಳ ಬಾಯಲ್ಲಿಯೂ ಹಸಿಯಾಗಿಯೇ ಇರುತ್ತದೆ. ಅದೇ ಬಾಯಿ, ಅದೇ ಮನೆಯವರಿಗೆ ಕೊಟ್ಟ ಮಾತನ್ನು ಒಂದೇ ಮಳೆಗಾಲದಲ್ಲಿ ಹಳತು ಮಾಡುತ್ತದೆ.

ಹಾಗಾದರೆ ಆಡಿದ ಮಾತಿಗೆ ಬಿಡುಗಡೆಯೇ ಇಲ್ಲವೆ? ಇದೆ. ಕೊಳೆರೋಗ ಬಂದು ಫಸಲು ಹೋದರೆ ಸಾಲ ತೀರಿಸಲಾಗದು. ಆಗಲೂ ‘ಕೊಟ್ಟಿದ್ದೇನೆ, ನಡೆಸಲಾರೆ’ ಎನ್ನುವುದು ಪ್ರಾಮಾಣಿಕತೆ. ‘ಕೊಟ್ಟಿದ್ದೆ’ ಎನ್ನುವುದು ಜಾಣತನ. ‘ಇರಲಿ ಬಿಡು’ ಎನ್ನಬೇಕಾದವನು ಮಾತನ್ನು ಪಡೆದವನು, ಕೊಟ್ಟವನಲ್ಲ. ಕೇಡಿನ ವಿಷಯದಲ್ಲಿಯೂ ನ್ಯಾಯ ಇದೇ. ‘ಮಾಡಿದ್ದಾನೆ’ ಎಂಬುದನ್ನು ‘ಮಾಡಿದ್ದ’ ಎಂದು ಬದಲಿಸುವ ಅಧಿಕಾರ ಕೇಡು ಮಾಡಿದವನಿಗಿಲ್ಲ, ನೊಂದವನಿಗೆ ಮಾತ್ರ ಉಂಟು. ಕ್ಷಮೆ ಎಂಬುದಕ್ಕೆ ವ್ಯಾಕರಣದಲ್ಲಿ ಬೇರೆ ರೂಪವಿಲ್ಲ.

ನಮ್ಮ ಋಣವನ್ನು ನಾವೇ ಭೂತಕ್ಕೆ ತಳ್ಳಲಾರೆವು. ನಮಗಾದ ನೋವನ್ನು ನಾವಲ್ಲದೆ ಇನ್ನಾರೂ ತಳ್ಳಲಾರರು. ಇಷ್ಟನ್ನು ತಿಳಿದು ಆಡಿದರೆ ಕನ್ನಡದ ಭೂತಕಾಲ ನಮಗೆ ಬಂದಿತೆಂದು ಹೇಳಬಹುದು. ಇಂಗ್ಲಿಷಿನದನ್ನು ಕೆಂಪು ಶಾಯಿ ಕಲಿಸೀತು.