ಎರಡು ಬೂದು ಕಂಬಗಳು

ಈ ಪ್ರಕರಣದಲ್ಲಿ ಹಣ ಕದ್ದವರಿಲ್ಲ, ಸುಳ್ಳು ಲೆಕ್ಕ ಬರೆದವರೂ ಇಲ್ಲ. ಆದರೂ ಒಂದು ಕೃಷಿ ಪತ್ತಿನ ಸಹಕಾರ ಸಂಘದ ಆಡಳಿತ ಮಂಡಳಿ ವಾರ್ಷಿಕ ಮಹಾಸಭೆಯಲ್ಲಿ ತನ್ನ ಸದಸ್ಯರ ಮುಂದೆ ತಲೆ ತಗ್ಗಿಸಬೇಕಾಯಿತು. ಅದಕ್ಕೆ ಕಾರಣ ವರದಿ ಪುಸ್ತಕದ ಹದಿನಾಲ್ಕನೇ ಪುಟದಲ್ಲಿ ಅಚ್ಚಾಗಿದ್ದ ಒಂದು ಚಾರ್ಟ್. ಏನು ನಡೆಯಿತೆಂದು ವಿಚಾರಿಸಲು ಸಭೆ ನೇಮಿಸಿದ ಮೂವರಲ್ಲಿ ನಾನೂ ಒಬ್ಬ. ಹೆಸರುಗಳನ್ನು ಬಿಟ್ಟು ಉಳಿದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಸಂಘದ ಗುಮಾಸ್ತೆ ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು. ವರದಿಯಲ್ಲಿ ಬರೀ ಅಂಕಿಗಳ ಪಟ್ಟಿ ಇದ್ದರೆ ರೈತರು ಪುಟ ಮಗುಚಿ ಪಕ್ಕಕ್ಕಿಡುತ್ತಾರೆ ಎಂದು ಯೋಚಿಸಿ, ಯಾರೂ ಹೇಳದಿದ್ದರೂ ಐದು ವರ್ಷಗಳ ಸಾಲ ವಸೂಲಾತಿ ಮತ್ತು ಸುಸ್ತಿಯನ್ನು ಎಕ್ಸೆಲ್‌ನಲ್ಲಿ ಕಂಬಗಳ ಚಾರ್ಟ್ ಮಾಡಿದಳು. ವಸೂಲಾತಿಗೆ ಹಸಿರು, ಸುಸ್ತಿಗೆ ಕೆಂಪು. ವರ್ಷದಿಂದ ವರ್ಷಕ್ಕೆ ಹಸಿರು ಏರುತ್ತಿತ್ತು, ಕೆಂಪು ಇಳಿಯುತ್ತಿತ್ತು. ಅವಳ ಕಂಪ್ಯೂಟರಿನಲ್ಲಿ ನಾನು ಅದನ್ನು ಕಂಡೆ. ಅಕ್ಷರ ಓದಲು ಬಾರದವರಿಗೂ ಅರ್ಥವಾಗುವಂತಿತ್ತು.

ಸಹಕಾರ ಸಂಘಗಳು ಸೆಪ್ಟೆಂಬರ್ 25ರೊಳಗೆ ಮಹಾಸಭೆ ಮುಗಿಸಬೇಕೆಂಬುದು ನಿಯಮ. ಹೀಗಾಗಿ ಆಗಸ್ಟ್ ಕೊನೆಯಿಂದ ತಾಲ್ಲೂಕಿನ ಪ್ರೆಸ್ಸುಗಳಿಗೆ ಬಿಡುವಿರುವುದಿಲ್ಲ. ಗುಮಾಸ್ತೆ ಎಕ್ಸೆಲ್ ಫೈಲನ್ನೇ ಕಳಿಸುತ್ತೇನೆಂದು ಫೋನ್ ಮಾಡಿದಾಗ ಪ್ರೆಸ್ಸಿನ ಡಿಟಿಪಿ ಹುಡುಗ ಹೇಳಿದನಂತೆ: “ಫೈಲ್ ಬೇಡ ಮೇಡಂ, ನಮ್ಮಲ್ಲಿ ಅಕ್ಷರ ಎಲ್ಲ ಕೆಟ್ಟೋಗುತ್ತೆ. ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್ ಮಾಡಿಬಿಡಿ.” ಅವನು ಹೇಳಿದ್ದು ಸೋಮಾರಿತನದ ಮಾತಲ್ಲ. ಅಲ್ಲಿ ಪುಟ ಕಟ್ಟುವುದು ಇಂದಿಗೂ ಹಳೆಯ ಪೇಜ್‌ಮೇಕರ್‌ನಲ್ಲಿ. ಯೂನಿಕೋಡ್ ಕನ್ನಡ ಅದಕ್ಕೆ ಹಿಡಿಸುವುದಿಲ್ಲ.

ಅವಳು ಹಾಗೆಯೇ ಕಳಿಸಿದಳು. ಪರದೆಯ ಮೇಲೆ ಆ ಚಾರ್ಟ್ ಅಗಲದಲ್ಲಿ 480 ಚುಕ್ಕೆಗಳಷ್ಟಿತ್ತು. ಪುಸ್ತಕದ ಪುಟದಲ್ಲಿ ಅದನ್ನು ಆರು ಇಂಚಿಗೆ ಹಿಗ್ಗಿಸಿದರು. ಅಂದರೆ ಇಂಚಿಗೆ 80 ಚುಕ್ಕೆ. ಒಳ್ಳೆಯ ಮುದ್ರಣಕ್ಕೆ ಇಂಚಿಗೆ 300 ಬೇಕು, ಆ ಅಗಲಕ್ಕೆ 1,800. ವಾಟ್ಸಾಪ್ ಬೇರೆ ಚಿತ್ರವನ್ನು ಹಿಂಡಿ ಕಳಿಸುತ್ತದೆ. ಎಕ್ಸೆಲ್‌ನಲ್ಲಿ ಚಾರ್ಟನ್ನು ಆಯ್ದುಕೊಂಡು ಪಿಡಿಎಫ್ ಮಾಡಿ, ಅದನ್ನು ಡಾಕ್ಯುಮೆಂಟ್ ಎಂದು ಕಳಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಪಿಡಿಎಫ್‌ನಲ್ಲಿ ಗೆರೆ ಗೆರೆಯಾಗಿಯೇ ಉಳಿಯುತ್ತದೆ, ಎಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ಅಕ್ಷರವೂ ಅದರೊಳಗೇ ಕೂತಿರುತ್ತದೆ. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಡಿಟಿಪಿ ಹುಡುಗನಿಗೆ ಗೊತ್ತಿತ್ತು, ಅವನು ಹೇಳಲಿಲ್ಲ.

ಚಿತ್ರ ಒಡೆಯುತ್ತದೆ ಎಂದು ಅವನು ತನ್ನ ಮಾಲೀಕರಿಗೆ ಮಾತ್ರ ಒಮ್ಮೆ ಹೇಳಿದ್ದುಂಟು. ಅವರ ಉತ್ತರ, “ಅವರೇ ಕಳ್ಸಿರೋದಲ್ವೇನೋ, ಪ್ರೂಫ್ ನೋಡ್ತಾರೆ ಬಿಡು.”

ಈ ನಡುವೆ ಕಾರ್ಯದರ್ಶಿಗಳು ಇನ್ನೊಂದು ತೀರ್ಮಾನ ಮಾಡಿದ್ದರು. ರಕ್ಷಾಪುಟ ಮಾತ್ರ ಬಣ್ಣದಲ್ಲಿ, ಒಳಪುಟಗಳು ಸಿಂಗಲ್ ಕಲರ್. ಸದಸ್ಯರ ದುಡ್ಡು ಉಳಿಸುವ ತೀರ್ಮಾನ, ತಪ್ಪೆನ್ನಲಾರೆ. ಆದರೆ ಬಣ್ಣವನ್ನೇ ನಂಬಿ ಚಾರ್ಟ್ ಮಾಡಿದವಳಿಗೆ ಆ ಸುದ್ದಿ ತಲುಪಲಿಲ್ಲ. ತಲುಪಿದ್ದರೆ ಒಂದು ಕಂಬಕ್ಕೆ ಓರೆಗೆರೆ ತುಂಬಿ, ಇನ್ನೊಂದನ್ನು ಕಪ್ಪಾಗಿ ಬಿಡುವುದು ಅವಳಿಗೆ ಎರಡು ನಿಮಿಷದ ಕೆಲಸ. ಅಚ್ಚಿನಲ್ಲಿ ಹಸಿರೂ ಕೆಂಪೂ ಒಂದೇ ಬೂದು ಬಣ್ಣವಾದವು. ಯಾವುದು ಏನೆಂದು ತಿಳಿಸುವ ಕೆಳಗಿನ ಸಣ್ಣ ಅಕ್ಷರಗಳು ಮಸಿ ಚೆಲ್ಲಿದ ಹಾಗೆ ಕಲೆಸಿಹೋದವು.

ಪ್ರೂಫ್ ಬಂತು. ಆ ಪ್ರತಿಯನ್ನು ವಿಚಾರಣೆಯಲ್ಲಿ ತರಿಸಿಕೊಂಡು ಪುಟಪುಟವಾಗಿ ತಿರುವಿದೆವು. ಕೆಂಪು ಶಾಯಿಯ ಹನ್ನೊಂದು ತಿದ್ದುಪಡಿಗಳಿದ್ದವು. ಒಬ್ಬ ನಿರ್ದೇಶಕರ ಇನಿಷಿಯಲ್ ತಪ್ಪಿತ್ತು, ಇನ್ನೊಬ್ಬರಿಗೆ ‘ಶ್ರೀ’ ಬಿಟ್ಟುಹೋಗಿತ್ತು, ಅಧ್ಯಕ್ಷರ ಭಾವಚಿತ್ರ ಉಪಾಧ್ಯಕ್ಷರದಕ್ಕಿಂತ ಚಿಕ್ಕದಾಗಿತ್ತು. ಹನ್ನೊಂದೂ ಇದೇ ಬಗೆಯವು. ಹದಿನಾಲ್ಕನೇ ಪುಟದ ಮೇಲೆ ಒಂದು ಗೀಟೂ ಇರಲಿಲ್ಲ. ಕೊನೆಯ ಪುಟದಲ್ಲಿ ‘ನೋಡಿ ಒಪ್ಪಿದೆ’ ಎಂದು ಬರೆದು ಕಾರ್ಯದರ್ಶಿ, ಅಧ್ಯಕ್ಷ ಇಬ್ಬರೂ ಸಹಿ ಮಾಡಿದ್ದರು.

ಸಭೆಯ ದಿನ ಒಬ್ಬ ಹಿರಿಯ ಸದಸ್ಯರು ಎದ್ದು ನಿಂತು ಪುಸ್ತಕ ಎತ್ತಿ ಹಿಡಿದರು. “ಕಾರ್ಯದರ್ಶಿಗಳೇ, ಇದರಲ್ಲಿ ವಸೂಲಿ ಯಾವುದು, ಸುಸ್ತಿ ಯಾವುದು? ಒಂದು ಏರ್ತಾ ಇದೆ, ಒಂದು ಇಳೀತಾ ಇದೆ. ಏರ್ತಿರೋದು ಯಾವುದು ಸ್ವಾಮಿ?” ವೇದಿಕೆಯ ಮೇಲಿದ್ದ ಎಲ್ಲರೂ ಪುಸ್ತಕ ತೆರೆದರು. ಒಬ್ಬರಿಗೂ ಪುಟ ನೋಡಿ ಹೇಳಲಾಗಲಿಲ್ಲ. ಅಂಕಿಗಳು ಹಿಂದಿನ ಪುಟಗಳಲ್ಲೇ ಇದ್ದವು, ಗಲಿಬಿಲಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಆ ಅರ್ಧ ನಿಮಿಷದ ಮೌನ ಸಾಕಾಯಿತು. ಹಿಂದಿನಿಂದ ಯಾರೋ “ಬೇಕಂತಲೇ ಮಸುಕು ಮಾಡವ್ರೆ” ಎಂದರು. ಆಮೇಲೆ ಲೆಕ್ಕ ಕೇಳುವ ಸಭೆಯಾಗಿ ಅದು ಉಳಿಯಲಿಲ್ಲ.

ಮರುದಿನ ಗುಮಾಸ್ತೆಗೆ ಮೆಮೊ ಕೊಟ್ಟರು, ಪ್ರೆಸ್ಸಿನ ಬಿಲ್ ತಡೆಹಿಡಿದರು. ಎರಡೂ ಅನ್ಯಾಯವೆಂದು ನಾವು ಮೂವರೂ ಬರೆದೆವು. ಅವಳು ಅಜ್ಞಾನದಿಂದ ತಪ್ಪಿದವಳು. ಉಳಿದವರು ತಿಳಿದೋ, ನೋಡದೆಯೋ ತಪ್ಪಿದವರು. ಕಾರ್ಯದರ್ಶಿಗಳು ಪ್ರೂಫ್ ಬಂದ ವಾರವೇ ಆಡಿಟ್ ಆಕ್ಷೇಪಣೆಗಳಿಗೂ ಉತ್ತರ ಬರೆಯುತ್ತಿದ್ದರು, ರಾತ್ರಿ ಹತ್ತರವರೆಗೆ ಕಚೇರಿಯಲ್ಲಿರುತ್ತಿದ್ದರು ಎಂಬುದನ್ನೂ ದಾಖಲಿಸಿದೆವು. ಅದು ಅವರ ದಣಿವಿಗೆ ಸಾಕ್ಷಿ, ಆ ಸಹಿಗೆ ಸಮರ್ಥನೆಯಲ್ಲ. ಮೆಮೊ ಹಿಂಪಡೆಯಬೇಕು, ಬಿಲ್ ಕೊಡಬೇಕು, ಗೊತ್ತಿದ್ದೂ ಸುಮ್ಮನಿದ್ದ ಪ್ರೆಸ್ಸು ಆ ಒಂದು ಹಾಳೆಯನ್ನು ಕೂಲಿಯಿಲ್ಲದೆ ಮರುಮುದ್ರಿಸಬೇಕು, ಕಾಗದದ ಖರ್ಚನ್ನು ಸಹಿ ಹಾಕಿದ ಇಬ್ಬರು ಭರಿಸಬೇಕು ಎಂದು ಸೂಚಿಸಿದೆವು. ಎಲ್ಲರೂ ಒಪ್ಪಿದರು.

ಆ ಹನ್ನೊಂದು ಕೆಂಪು ಗುರುತುಗಳು ಮಾತ್ರ ನನ್ನನ್ನು ಬಿಡಲಿಲ್ಲ. ಪ್ರೂಫ್ ಕೈಗೆ ಬಂದಾಗ ನಾವು ಮೊದಲು ಹುಡುಕುವುದು ನಮ್ಮ ಹೆಸರನ್ನು. ಮದುವೆಯ ಲಗ್ನಪತ್ರಿಕೆಯಿರಲಿ, ಸ್ಮರಣ ಸಂಚಿಕೆಯಿರಲಿ, ನಾನೂ ಹಾಗೆಯೇ ಮಾಡಿದ್ದೇನೆ. ಹೆಸರು ಸರಿಯಿದ್ದರೆ ಪುಸ್ತಕ ಸರಿಯಿದೆ ಎಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಓದುವವನಿಗೆ ಬೇಕಾದದ್ದು ಆ ಪುಟದಲ್ಲಿ ಕಾಣಿಸುತ್ತದೆಯೇ ಎಂದು ಕೇಳಿಕೊಳ್ಳುವುದಿಲ್ಲ. ಆ ಚಾರ್ಟ್ ಐದು ಜನರ ಕಣ್ಣಮುಂದೆ ಹಾದುಹೋಯಿತು. ಹಿಂದಿನವನು ಮುಂದಿನವನನ್ನು ನಂಬಿದ, ಮುಂದಿನವನು ಹಿಂದಿನವನನ್ನು. ಇದನ್ನು ವಿಶ್ವಾಸವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ತನ್ನ ಪಾಲಿನ ಮಾತನ್ನು ಆಡುವ ಕಷ್ಟದಿಂದ ಪ್ರತಿಯೊಬ್ಬನೂ ತಪ್ಪಿಸಿಕೊಂಡ, ಅಷ್ಟೆ. “ಮೇಡಂ, ಇದು ಒಡೆಯುತ್ತೆ, ಪಿಡಿಎಫ್ ಮಾಡಿ” ಎಂಬ ಒಂದು ವಾಕ್ಯಕ್ಕೆ ಎಷ್ಟು ಹೊತ್ತು ಬೇಕಿತ್ತು? ನೂರಾರು ಜನ ರೈತರಿಗೆ ಕೊಡುವ ಲೆಕ್ಕ ಅಷ್ಟು ಹೊತ್ತಿಗೂ ಯೋಗ್ಯವಲ್ಲವೇ?

ಮರುಮುದ್ರಿತ ಹಾಳೆಯನ್ನು ಗುಮಾಸ್ತೆ ತಾನೇ ಆ ಹಿರಿಯರ ಮನೆಗೆ ಒಯ್ದಳು, ಜೊತೆಗೆ ನಾನೂ ಹೋಗಿದ್ದೆ. ಜಗಲಿಯ ಬೆಳಕಿಗೆ ಹಿಡಿದು ಓರೆಗೆರೆಯ ಕಂಬ, ಕಪ್ಪು ಕಂಬ ಒಂದೊಂದರ ಮೇಲೂ ಬೆರಳಾಡಿಸಿದರು. “ಸುಸ್ತಿ ಇಳಿದಿದೆಯಲ್ಲಮ್ಮ, ಒಳ್ಳೇದೇ ಆಯ್ತು” ಎಂದರು. ಬೆರಳು ಕೊನೆಯ ವರ್ಷದ ಕಪ್ಪು ಕಂಬದ ಮೇಲೆ ನಿಂತಿತು. “ಇನ್ನೂ ಇಷ್ಟು ಉಳಿದಿದೆಯಲ್ಲ, ಇದು ಯಾರ್‍ಯಾರದ್ದು? ಅವತ್ತು ನಾನು ಕೇಳಬೇಕು ಅಂತ ಹೋಗಿದ್ದು ಇದನ್ನು.”