ಮರಿ ಹಾಕಿದವಳ ಮುಂದೆ ನಿಂತು

ನಿನ್ನೆಯವರೆಗೆ ನಮ್ಮ ಕೈಯ ಮುದ್ದೆಚೂರಿಗೆ ಬಾಲ ಅಲ್ಲಾಡಿಸುತ್ತಿದ್ದ ನಾಯಿ ಇಂದು ಅದೇ ಕೈಗೆ ಹಲ್ಲು ಕಿಸಿದರೆ, ಭಯಕ್ಕಿಂತ ಮೊದಲು ನಮ್ಮನ್ನು ತಾಕುವುದು ಅವಮಾನ. ಅನ್ನ ಹಾಕಿದವರ ಮೇಲೇ ಎಗರಿ ಬರುತ್ತಾಳಲ್ಲ ಎಂದು ಮನಸ್ಸು ಮುದುಡುತ್ತದೆ. ಆದರೆ ಅಷ್ಟು ದಿನ ಹಾಕಿದ ಅನ್ನಕ್ಕೆ ನಾವು ಅವಳಿಂದ ಪಡೆದ ಹಕ್ಕಾದರೂ ಯಾವುದು? ಅವಳ ಮರಿಗಳನ್ನು ಎತ್ತಿ ನೋಡುವ ಅಪ್ಪಣೆಯೂ ಅದರಲ್ಲಿ ಸೇರಿತ್ತೆಂದು ನಮಗೆ ಹೇಳಿದವರು ಯಾರು?

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಸುತ್ತಿನ ಊರುಗಳಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ ಮುಗಿದು, ಅದನ್ನು ಬೇಯಿಸುವ ಮನೆಗಳಾದ ಬ್ಯಾರನ್ನುಗಳು ಆರಿದ ಮೇಲೆ, ಚಳಿ ಹಿಡಿಯುವ ಹೊತ್ತಿಗೆ, ಬೀದಿನಾಯಿಗಳು ಈಯುತ್ತವೆ. ಸೌದೆ ಒಟ್ಟಿಲಿನ ಸಂದು, ಒಲೆಬಾಯಿಯ ಒಣ ಬೂದಿ, ಇವೇ ಬಾಣಂತಿಯ ಕೋಣೆ. ಅಲ್ಲಿ ಮುದುರಿ ಮಲಗಿದವಳನ್ನು ಸ್ವಲ್ಪ ದೂರದಿಂದ ನೋಡಬೇಕು. ಕಣ್ಣು ಬಿಡದ ಮರಿಗಳು ಮೊಲೆಗಳ ಸಾಲಿನಲ್ಲಿ ಒಂದನ್ನೊಂದು ನೂಕುತ್ತಿರುತ್ತವೆ. ಹೆಜ್ಜೆಯ ಸಪ್ಪಳ ಕೇಳಿದರೂ ಅವಳು ಏಳುವುದಿಲ್ಲ. ಮೊದಲು ಕಿವಿ ಹಿಂದಕ್ಕೆ ಸರಿಯುತ್ತದೆ. ನೋಟ ನಮ್ಮ ಮುಖದ ಮೇಲಲ್ಲ, ಕಾಲಿನ ಮೇಲೆ ನೆಡುತ್ತದೆ. ತುಟಿಯ ಒಂದು ಬದಿ ನಡುಗಿ ಮೇಲೇಳುತ್ತದೆ. ಗುರುಗುಟ್ಟುವ ಸದ್ದು ಎಷ್ಟು ಸಣ್ಣದೆಂದರೆ ಹಾಲು ಕುಡಿಯುವ ಮರಿಗಳಿಗೂ ಎಚ್ಚರವಾಗದು. ನಾವು ಅಲ್ಲೇ ನಿಂತರೆ ಬಹುಪಾಲು ಅವಳೂ ಅಲ್ಲಿಗೇ ನಿಲ್ಲಿಸುತ್ತಾಳೆ. ಇದನ್ನು ಹುಚ್ಚು ಕೋಪವೆನ್ನುವುದು ಹೇಗೆ? ಮೆಟ್ಟಿಲು ಮೆಟ್ಟಿಲಾಗಿ ಏರುವ, ಪ್ರತಿ ಮೆಟ್ಟಿಲಿನಲ್ಲೂ ನಮಗೆ ಹಿಂದಿರುಗಲು ಅವಕಾಶ ಕೊಡುವ ಕೋಪವಲ್ಲವೇ ಇದು? ನಾವು ಮನುಷ್ಯರು ಸಿಟ್ಟಾದಾಗ ಎದುರಿನವರಿಗೆ ಇಷ್ಟು ಸಮಯ ಕೊಡುತ್ತೇವೆಯೇ?

ಇದನ್ನು ಓದಿನಿಂದಲ್ಲ, ರೂಢಿಯಿಂದ ಬಲ್ಲ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಅವರು ಅನ್ನದ ಬೋಗುಣಿಯನ್ನು ದಿನವೂ ಒಂದೇ ಹೊತ್ತಿಗೆ, ಒಂದೇ ಜಾಗದಲ್ಲಿ, ಮರಿಗಳಿಂದ ನಾಲ್ಕು ಮಾರು ಈಚೆಗೆ ಇಟ್ಟು, ಎಂದಿನ ದನಿಯಲ್ಲಿ ಕರೆಯುತ್ತಾರೆ. ಬಗ್ಗಿ ನೋಡುವುದಿಲ್ಲ, ಮರಿಗಳ ಲೆಕ್ಕ ಹಾಕುವುದಿಲ್ಲ. ಒದ್ದೆ ಗೋಣಿಚೀಲ ಬದಲಿಸಬೇಕಿದ್ದರೆ ಅವಳು ತಾನಾಗಿ ಎದ್ದು ಹೊರಗೆ ಹೋಗುವವರೆಗೆ ಕಾಯುತ್ತಾರೆ. ಅವರ ಕರುಣೆ ಕೈಯಲ್ಲಿ ಎಷ್ಟಿದೆಯೋ ಕೈ ಹಿಂದೆಗೆದುಕೊಳ್ಳುವುದರಲ್ಲಿಯೂ ಅಷ್ಟೇ ಇದೆ.

ತಾಯ್ತನವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಪುಣ್ಯಕೋಟಿ. ಸತ್ಯಕ್ಕಾಗಿ ಹುಲಿಯ ಬಾಯಿಗೆ ತನ್ನನ್ನು ಒಪ್ಪಿಸಿಕೊಳ್ಳಲು ನಡೆದ ಆ ಹಸುವಿನ ಹಾಡನ್ನು ಕೇಳಿ ಕಣ್ಣೊರೆಸಿಕೊಳ್ಳದ ಕನ್ನಡದ ಮಗು ಅಪರೂಪ. ಸೌಮ್ಯಳಾದವಳೇ ತಾಯಿ ಎಂದು ಅದರಿಂದ ನಾವು ಕಲಿತುಬಿಟ್ಟೆವೇನೋ. ಆದರೆ ಆ ಹಾಡಿನಲ್ಲೇ, ತಬ್ಬಲಿಯಾಗಲಿರುವ ಕರುವನ್ನು ಹಾಯಬೇಡಿ, ಒದೆಯಬೇಡಿ ಎಂದು ಅವಳು ತನ್ನ ಬಳಗವನ್ನು ಬೇಡಿಕೊಳ್ಳುತ್ತಾಳೆ. ಕೊಂಬಿಗೂ ಗೊರಸಿಗೂ ಏನು ಕೆಲಸವೆಂದು ಪುಣ್ಯಕೋಟಿಗೂ ಗೊತ್ತಿತ್ತು. ಈದ ಹಳ್ಳಿಕಾರ್ ಹಸುವಿನ ಕೊಟ್ಟಿಗೆಗೆ ಹೊಸಬರು ಕಾಲಿಟ್ಟು ನೋಡಲಿ, ಗೊತ್ತಾಗುತ್ತದೆ. ಬಲ್ಲ ರೈತ ಹಸುವಿಗೂ ಕರುವಿಗೂ ನಡುವೆ ನಿಲ್ಲುವುದಿಲ್ಲ. ಹೊಕ್ಕುಳಿಗೆ ಟಿಂಚರ್ ಹಚ್ಚುವುದನ್ನೂ ತಾಯಿಯ ಕಣ್ಣೆದುರಿಗೇ ಮಾಡುತ್ತಾನೆ.

ಹೆರಿಗೆ ಮಾಡಿಸುವ, ಕೆಚ್ಚಲಿಗೆ ಹಾಲಿಳಿಸುವ ಆಕ್ಸಿಟೋಸಿನ್ ಎಂಬ ರಸವೇ ತಾಯಿಯನ್ನು ಮರಿಗೆ ಕಟ್ಟಿಹಾಕುತ್ತದೆ. ಮರಿಗಾಗಿ ಎದುರು ನಿಲ್ಲುವ ರೋಷದಲ್ಲೂ ಅದರ ಪಾಲಿದೆ ಎನ್ನುತ್ತದೆ ಜೀವಶಾಸ್ತ್ರ. ಮಮತೆಗೂ ರೋಷಕ್ಕೂ ಬೇರು ಒಂದೇ ಎಂದಾದರೆ, ಒಂದನ್ನು ಪೂಜಿಸಿ ಇನ್ನೊಂದಕ್ಕೆ ಬಡಿಗೆ ಎತ್ತುವುದು ಯಾವ ನ್ಯಾಯ? ಅದೇ ರಸವನ್ನು 1953ರಲ್ಲಿ ವಿನ್ಸೆಂಟ್ ಡು ವಿನ್ಯೋ ಎಂಬ ವಿಜ್ಞಾನಿ ಪ್ರಯೋಗಾಲಯದಲ್ಲಿ ಕಟ್ಟಿ ತೋರಿಸಿದರು. ಎಷ್ಟೋ ಬಾಣಂತಿಯರ ಜೀವವನ್ನು ಅದು ಉಳಿಸಿದೆ. ಕರುವನ್ನು ಕಳೆದುಕೊಂಡ ಹಸುವಿಗೆ ಅದನ್ನೇ ಚುಚ್ಚಿ ಹಾಲು ಹಿಂಡುವವರೂ ನಮ್ಮ ನಡುವೆಯೇ ಇದ್ದಾರೆ. ತಾಯ್ತನದ ಫಲ ಬೇಕು, ತಾಯಿ ಬೇಡ! ಇದನ್ನು ನೆನೆದಾಗ ನನಗೆ ಆಗುವ ಸಂಕಟ ಸಣ್ಣದಲ್ಲ.

ಹಾಗೆಂದು ತಾಯಿಯ ಸಿಟ್ಟು ಯಾವಾಗಲೂ ಸರಿಯೆಂದು ಹೇಳಲಾಗದು. ಪಂಚತಂತ್ರದ ಮುಂಗುಸಿಯ ಕಥೆ ನೆನಪಿದೆಯಷ್ಟೆ? ತೊಟ್ಟಿಲ ಬಳಿ ಬಂದ ಹಾವನ್ನು ಕೊಂದು ರಕ್ತದ ಬಾಯಲ್ಲೇ ಎದುರುಗೊಂಡ ಸಾಕುಮುಂಗುಸಿಯನ್ನು, ಮಗುವನ್ನೇ ಕಚ್ಚಿತೆಂದು ಭ್ರಮಿಸಿ, ನೀರಿನ ಕೊಡ ಎತ್ತಿಹಾಕಿ ಕೊಂದವಳೂ ತಾಯಿಯೇ. ಗಾಬರಿಗೊಂಡ ಮಮತೆಗೆ ಗೆಳೆಯ ಯಾರು, ಹಗೆ ಯಾರು ಎಂದು ತೂಗಿ ನೋಡುವ ವ್ಯವಧಾನವಿರುವುದಿಲ್ಲ. ಹಾಗಿರುವಾಗ ವ್ಯವಧಾನ ಇರಬೇಕಾದದ್ದು ಎದುರು ನಿಂತವರಲ್ಲಿ ತಾನೇ? ಮೈಸೂರು, ಮಂಡ್ಯದ ಕಡೆ ಕಬ್ಬು ಕಡಿಯುವಾಗ ಚಿರತೆ ಮರಿಗಳು ಸಿಕ್ಕರೆ ಅರಣ್ಯ ಇಲಾಖೆಯವರು ಅವನ್ನು ಅಲ್ಲೇ ಬಿಟ್ಟು, ಜನರನ್ನು ದೂರ ಕಳಿಸಿ, ತಾಯಿ ಬಂದು ಒಯ್ಯಲೆಂದು ಕಾಯುವುದುಂಟು. ಮುದ್ದಾಗಿವೆಯೆಂದು ಮನೆಗೆ ತಂದರೆ ಮರಿಗಳು ಅನಾಥವಾಗುತ್ತವೆ. ಮರಿ ಹುಡುಕುವ ಚಿರತೆ ಊರಿನ ಸುತ್ತ ತಿರುಗುತ್ತದೆ. ಇನ್ನು ನಾಯಿ ಕಚ್ಚಿಯೇಬಿಟ್ಟರೆ ತತ್ವ ಚಿಂತನೆಗೆ ಅಲ್ಲಿ ಜಾಗವಿಲ್ಲ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಅವಳನ್ನು ಕ್ಷಮಿಸುವುದು ಬೇರೆ, ರೇಬೀಸನ್ನು ಹಗುರವಾಗಿ ಕಾಣುವುದು ಬೇರೆ.

ಈ ರೋಷಕ್ಕೆ ಆಯುಸ್ಸೂ ಕಡಿಮೆ. ಎರಡು ವಾರದ ಹೊತ್ತಿಗೆ ಮರಿಗಳು ಕಣ್ಣು ಬಿಡುತ್ತವೆ, ಮೂರು ನಾಲ್ಕು ವಾರಕ್ಕೆ ತಡವರಿಸುತ್ತಾ ಅಂಗಳಕ್ಕೆ ಬರುತ್ತವೆ. ಹಾಲುಹಲ್ಲು ಮೊನಚಾಗಿ ಮೊಲೆಗೆ ಚುಚ್ಚತೊಡಗಿದಾಗ ಅವಳೇ ಎದ್ದು ದೂರ ಹೋಗುತ್ತಾಳೆ. ಬೆನ್ನು ಬಿದ್ದ ಮರಿಗಳಿಗೆ ಗುರುಗುಟ್ಟುತ್ತಾಳೆ. ನಮಗೆ ತೋರಿಸಿದ ಹಲ್ಲನ್ನೇ ಈಗ ಹೆತ್ತ ಮರಿಗಳಿಗೂ ತೋರಿಸುತ್ತಾಳೆ. ಅವುಗಳನ್ನು ಲೋಕಕ್ಕೆ ಒಪ್ಪಿಸುವ ಅವಳ ರೀತಿ ಅದು. ನಾವು ಕೈ ಚಾಚಬೇಕಾದ ಹೊತ್ತೂ ಅದೇ. ಮರಿಗಳಿಗೆ ಮನುಷ್ಯರ ಕೈ ಅಭ್ಯಾಸವಾಗಬೇಕು, ಲಸಿಕೆ ಬೀಳಬೇಕು, ಒಂದೊಂದಕ್ಕೂ ಒಂದು ಹಟ್ಟಿಯ ಬಾಗಿಲು ಸಿಗಬೇಕು.

ಆದರೆ ಆಗ ನಾವು ಮಾಡುವುದೇನು? ಬಾಲ ಎತ್ತಿ ನೋಡಿ, ಗಂಡುಮರಿಗಳನ್ನು ಆರಿಸಿಕೊಂಡು ಹೋಗುತ್ತೇವೆ. ಹೆಣ್ಣುಮರಿಗಳನ್ನು ಚೀಲದಲ್ಲಿ ತುಂಬಿ ಊರಾಚೆಯ ಕೆರೆ ಏರಿಯ ಮೇಲೋ ಸಂತೆಮಾಳದಲ್ಲೋ ಬಿಟ್ಟು ಬರುವವರೂ ಇದ್ದಾರೆ. ಬದುಕಿ ಉಳಿದದ್ದು ವರ್ಷ ತುಂಬುವಷ್ಟರಲ್ಲಿ ಇನ್ನಾವುದೋ ಬ್ಯಾರನ್ನಿನ ಒಲೆಬಾಯಿಯಲ್ಲಿ ಈದು, ಹತ್ತಿರ ಬಂದವರಿಗೆ ಗುರ್ ಎನ್ನುತ್ತದೆ. ಚೀಲದ ಬಾಯಿ ಕಟ್ಟಿದ ಕೈಯನ್ನು ಅದು ನಂಬಬೇಕೆಂದು ನಾವು ಯಾವ ಬಾಯಲ್ಲಿ ಕೇಳೋಣ?